ಕಾರಣಸಹಿತ ವಜಾ

ತುಮಕೂರು
ಜನವರಿ 12, 2025

ದೊಡ್ಡಮ್ಮನಿಗೆ,

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಬರೀತಿದೀನಿ. ಫೋನ್ ಮಾಡಬಹುದಿತ್ತು. ಮಾಡಿದ್ರೆ ನೀನು “ಫೋನು ಸರ್ಕಾರದ್ದು, ಕಾಗದ ನಂದು” ಅಂತ ಕಟ್ ಮಾಡ್ತೀಯ. ಅಂಗನವಾಡಿ ಮಕ್ಕಳ ತೂಕ, ಎತ್ತರ ದಾಖಲು ಮಾಡೋಕೆ ಕೊಟ್ಟ ಫೋನಿನಲ್ಲಿ ತಂಗಿ ಮಗಳ ಭವಿಷ್ಯ ಮಾತಾಡಬಾರದು ಅನ್ನೋದು ನಿನ್ನ ಸಿದ್ಧಾಂತ. ಸರಿ, ಕಾಗದವೇ ಆಗಲಿ.

ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಿಗೆ ಲಾ ಕ್ಲರ್ಕ್‌ಗಳು ಬೇಕು ಅಂತ ಪ್ರಕಟಣೆ ಬಂದಿದೆ. ನನ್ನ ಹಾಗೆ ಲಾ ಕೊನೇ ವರ್ಷದವರೂ ಅರ್ಜಿ ಹಾಕಬಹುದು. ಹೆಸರು ಕ್ಲರ್ಕ್ ಅಂತಿದ್ರೂ ಇದು ಗುಮಾಸ್ತಿಕೆ ಅಲ್ಲ. ನ್ಯಾಯಮೂರ್ತಿಗಳು ಬೆಂಚಿಗೆ ಹೋಗೋ ಮುಂಚೆ ಆ ದಿನದ ಫೈಲುಗಳನ್ನು ನಾವು ಓದಿರಬೇಕು. ಇನ್ನೂರು ಹಾಳೆ ಓದಿ ಎರಡು ಹಾಳೆ ಟಿಪ್ಪಣಿ ಕೊಡಬೇಕು. ಯಾರು ಬಂದಿದ್ದಾರೆ, ಏನು ಕೇಳ್ತಿದ್ದಾರೆ, ಕಾನೂನು ಏನನ್ನುತ್ತೆ. ತೀರ್ಪು ಅವರದು, ಓದು ನಮ್ಮದು. ಗುಬ್ಬಿ ಪಕ್ಕದ ಕಡಬದಿಂದ ಬಂದ ಹುಡುಗಿಗೆ ಯಾವ ದೊಡ್ಡ ವಕೀಲರ ಆಫೀಸಿನ ಬಾಗಿಲು ತೆರೆದಿದೆ ಹೇಳು? ಇದೊಂದು ತೆರೆದರೆ ಸಾಕು, ಮಿಕ್ಕ ಬಾಗಿಲುಗಳನ್ನು ನಾನೇ ಒದ್ದು ತೆಗೀತೀನಿ.

ತೊಡಕು ನಿನಗೆ ಗೊತ್ತೇ ಇದೆ. ಐವತ್ತಾರು ಪರ್ಸೆಂಟು. ತೆರಿಗೆ ಕಾನೂನಿನಲ್ಲಿ ಒಂದು ಸಲ ಡುಮ್ಕಿ. ನಮ್ಮ ಮೇಷ್ಟ್ರೊಬ್ಬರನ್ನು ಕೇಳಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಐವತ್ತಾರಕ್ಕೆ ಹೈಕೋರ್ಟಾ? ಮೊದಲು ನೋಟರಿ ಹತ್ರ ಸ್ಟಾಂಪ್ ಅಂಟಿಸೋದು ಕಲೀರಿ” ಅಂದ್ರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅದೇ ನನಗೆ ಉರಿ.

ನಗದೇ ಇದ್ದವನು ಶಮಂತ್ ಒಬ್ಬ. ವಕೀಲ ವೆಂಕಟೇಶಯ್ಯನವರ ಮಗ, ನಮ್ಮ ಕಾಲೇಜಿಗೇ ಮೊದಲು. ಅವನೂ ಹಾಕ್ತಿದಾನೆ. “ಕನಿಷ್ಠ ಐವತ್ತು ಅಂತ ಬರೆದಿದೆ ಕಣೇ. ನಿಂದು ಆರು ಜಾಸ್ತಿನೇ ಆಯ್ತು” ಅಂದ.

ಅಮ್ಮನಿಗೆ ಹೇಳಿದ್ದಕ್ಕೆ, “ಸುಮ್ನೆ ಬಿ.ಎಡ್ ಮಾಡಿದ್ರೆ ಇಷ್ಟೊತ್ತಿಗೆ ಗುಬ್ಬೀಲೇ ಟೀಚರಾಗಿರ್ತಿದ್ದೆ” ಅಂದ್ಳು.

ಹಾಕ್ಲಾ, ಬೇಡ್ವಾ?

ನಿನ್ನ
ಮಾನಸಾ

---

ಕುಣಿಗಲ್
ಜನವರಿ 17, 2025

ಏನ್ಲೇ ಮಾನಸಾ,

ಹಾಕ್ಲಾ ಬೇಡ್ವಾ ಅಂತ ಕೇಳೋಕೆ ಒಂದು ಅಂಚೆಚೀಟಿ ದಂಡ ಮಾಡಿದ್ಯಲ್ಲೇ! ಹಾಕು.

ಬುಡು ಆ ಮೇಷ್ಟ್ರ ಮಾತ. ನಮ್ಮೂರಲ್ಲಿ ಕುದುರೆ ಫಾರಂ ಇದೆ, ಗೊತ್ತಲ್ಲ. ಅಲ್ಲಿ ಕುದುರೆಗೆ ನಿಮ್ಮಪ್ಪ ಯಾರು, ನಿಮ್ಮ ತಾತ ಯಾರು ಅಂತ ಕುಲ ಗೋತ್ರ ಎಲ್ಲ ಜಾಲಾಡ್ತಾರೆ. ಅಂಥ ಕುದುರೆನೂ ಕೊನೆಗೆ ಓಡಿ ತೋರಿಸ್ಬೇಕು. ಆ ಮೇಷ್ಟ್ರು ನಿನ್ನನ್ನ ಓಡಿಸಿ ನೋಡದೇನೇ ಕುಂಟು ಅಂದವ್ರೆ.

ಈಗ ನನ್ನ ಮಾತು ಕೇಳು. ನಮ್ಮ ಅಂಗನವಾಡಿಯೋರ ಸಂಘ ಕಟ್ಟಿದಾಗಿಂದ ನಾನು ಮನವಿ ಬರೀತಾನೇ ಇದೀನಿ. ಆಫೀಸಿಗೆ ಕೊಟ್ಟೆ, ಸಾಹೇಬ್ರಿಗೆ ಕೊಟ್ಟೆ, ಒಂದ್ಸಲ ಕಾರಿಗೆ ಅಡ್ಡ ನಿಂತು ಕಿಟಕಿಯೊಳಕ್ಕೆ ತುರುಕಿದೆ. ಬೇಳೆಗೆ ಹುಳ ಬಿದ್ದದೆ ಅಂದ್ರೂ “ಸ್ವೀಕರಿಸಿದೆ” ಅಂತ ಸೀಲು, ಚಾವಣಿ ಸೋರ್ತದೆ ಅಂದ್ರೂ ಸೀಲು, ಗೌರವಧನ ಬಂದಿಲ್ಲ ಅಂದ್ರೂ ಸೀಲು. ಓದ್ದೋರು ಯಾರು? ಆಗಲ್ಲ ಅಂತ ಒಂದು ಸಾಲು ಬರೆದಿದ್ರೂ ಓದವ್ರೆ ಅನ್ನೋ ಸಮಾಧಾನ ಇರ್ತಿತ್ತು. ಅದೂ ಇಲ್ಲ. ಬಡವರ ಕಾಗದ ಅಂದ್ರೆ ಸೀಲಿನ ಮಸಿ ಒಣಗಿಸೋಕೆ ಇರೋ ಬಟ್ಟೆ ಅಂದ್ಕೊಂಡವ್ರೆ.

ಇಂಥಾ ಲೋಕದಲ್ಲಿ ಬರೀ ಓದೋಕೇ ಒಂದು ಕೆಲಸ ಇದೆ ಅಂತ ನೀನು ಹೇಳ್ತಿದೀಯ. ನಂಗೆ ಕುಣಿಯೋ ಹಾಗಾಯ್ತು ಕಣೇ. ಆ ಜಾಗಕ್ಕೆ ನಮ್ಮೋಳೊಬ್ಬಳು ಹೋಗ್ಲೇಬೇಕು.

ಇವತ್ತಿಂದ್ಲೇ ತರಬೇತಿ. ಒಂದು ಕೇಸು ತಗೋ, ಒಂದು ಹಾಳೆಗೆ ಇಳಿಸು, ನಂಗೆ ಕಳ್ಸು. ನಮ್ಮ ಸಂಘದ ಕ್ರಮ ನೆನಪಿದೆಯಲ್ಲ: ಯಾರು, ಏನಾಯ್ತು, ಏನು ಬೇಕು, ಏನು ಆಧಾರ. ಐದನೇದು ಬರೆದ್ರೆ ಅದು ಭಾಷಣ. ಸುತ್ತಲಿನ ಅಂಗನವಾಡಿಯೋರೆಲ್ಲ ಸೇರೋ ಸರ್ಕಲ್ ಮೀಟಿಂಗ್‌ನಲ್ಲಿ ಗಟ್ಟಿಯಾಗಿ ಓದ್ತೀನಿ. ನಮ್ಮ ಸಹಾಯಕಿ ಪುಟ್ಟತಾಯಮ್ಮ ಇದಾಳಲ್ಲ, ಮೀಟಿಂಗ್ ಅಂದ್ರೆ ನಿದ್ದೆಗೇ ಅಂತ ಬರೋಳು. ಅವಳು ಎಚ್ಚರ ಇದ್ರೆ ನೀನು ಪಾಸು.

ಬಿ.ಎಡ್ ವಿಚಾರ ನಿಮ್ಮಮ್ಮನ ಹತ್ರ ನಾನು ಮಾತಾಡ್ಕೋತೀನಿ.

ಬಗ್ಗದವಳು,
ರೇವಮ್ಮ

---

ತುಮಕೂರು
ಫೆಬ್ರವರಿ 4, 2025

ದೊಡ್ಡಮ್ಮ,

ಅರ್ಜಿ ಹೋಯಿತು! ಪೋಸ್ಟಾಫೀಸಿನ ಮುಂದೆ ನಾನೂ ಶಮಂತನೂ ತಟ್ಟೆ ಇಡ್ಲಿ ತಿಂದೆವು. ಅವನು ತನ್ನ ಅರ್ಜಿಯ ಜೊತೆ ಸರ್ಟಿಫಿಕೇಟುಗಳ ಕಂತೆಯನ್ನೇ ಇಟ್ಟ. ನನ್ನದು ಎಷ್ಟು ತೆಳ್ಳಗಿತ್ತು ಅಂದ್ರೆ ಕೌಂಟರಿನಾಕೆ ಲಕೋಟೆ ಅಲ್ಲಾಡಿಸಿ “ಒಳಗೆ ಏನಾದ್ರೂ ಇದೆಯೇನಮ್ಮ?” ಅಂದ್ರು.

ಯಾಕೆ ಈ ಹುದ್ದೆ ಬೇಕು ಅಂತ ಬರೀಬೇಕಿತ್ತು. ಮೊದಲು ದೊಡ್ಡ ದೊಡ್ಡ ಪದ ಹಾಕಿ ಒಂದು ಪುಟ ತುಂಬಿಸಿದೆ. ಆಮೇಲೆ ನಿನ್ನ ನೆನಪಾಗಿ ಹೊಡೆದು ಹಾಕಿ ಇಷ್ಟೇ ಬರೆದೆ: “ನಾನು ನಿಧಾನವಾಗಿ ಓದುತ್ತೇನೆ. ಆದರೆ ಪೂರ್ತಿ ಓದುತ್ತೇನೆ.” ಶಮಂತ್ ಅದನ್ನು ನೋಡಿ, “ನಿಧಾನ ಅಂತ ಯಾರಾದ್ರೂ ಅರ್ಜೀಲಿ ಬರ್ಕೋತಾರಾ, ಮಾರಾಯ್ತಿ?” ಅಂದ. ಸುಳ್ಳು ಹೇಳೋಕೆ ಬರಲ್ಲ, ಏನ್ಮಾಡ್ಲಿ.

ಮೊದಲ ಟಿಪ್ಪಣಿ ಇದರ ಜೊತೆ ಇಟ್ಟಿದೀನಿ. ಅಣ್ಣ ತಮ್ಮಂದಿರ ತೆಂಗಿನ ಮರದ ಜಗಳ. ಪುಟ್ಟತಾಯಮ್ಮನಿಗೆ ಮೊದಲೇ ಒಂದು ಲೋಟ ಕಾಫಿ ಕುಡಿಸು.

ಮಾನಸಾ

---

ಕುಣಿಗಲ್
ಫೆಬ್ರವರಿ 11, 2025

ಮಾನಸಾ,

ಕಾಫಿ ಕುಡಿಸಿದ್ರೂ ಫೇಲು. “ಪ್ರಸ್ತುತ ಪ್ರಕರಣದ ಸಂಗತಿಗಳ ಹಿನ್ನೆಲೆಯನ್ನು ಅವಲೋಕಿಸಿದಾಗ” ಅಂತ ಶುರು ಮಾಡಿದೀಯ. ಅವಲೋಕಿಸೋ ಹೊತ್ತಿಗೆ ಪುಟ್ಟತಾಯಮ್ಮ ಗೊರಕೆ. ನಾನು ಪಕ್ಕಕ್ಕಿಟ್ಟು, “ಮರ ತಮ್ಮಂದು, ಕಾಯಿ ಬೀಳೋದು ಅಣ್ಣನ ಹೊಲಕ್ಕೆ” ಅಂದೆ. ತಟ್ಟನೆ ಎದ್ದು ಕೂತು, “ಎಳನೀರು ಯಾರ್ ಕುಡುದ್ರಂತೆ?” ಅಂದ್ಳು. ನೋಡು, ಅಲ್ಲಿಂದ ಶುರು ಮಾಡ್ಬೇಕಿತ್ತು. ತಿದ್ದಿ ಕಳ್ಸು.

ಈಗ ಸಿಹಿ ಸುದ್ದಿ. ಒಬ್ಬಳೇ ಹುಡುಗಿ ಒಂದು ತೆಳ್ಳನೆ ಲಕೋಟೆ ಹಿಡ್ಕೊಂಡು ಹೈಕೋರ್ಟಿಗೆ ಹೋದ್ರೆ ಯಾರು ಲೆಕ್ಕಕ್ಕೆ ಇಡ್ತಾರೆ? ಹಿಂದೆ ಜನ ಇದಾರೆ ಅಂತ ತೋರಿಸ್ಬೇಕು. ಅದಕ್ಕೆ ನಾನು ಒಂದು ಮನವಿ ಬರೆದೆ. “ವಿಷಯ: ಕಡಬದ ಮಾನಸಾ ಎಂಬುವವರನ್ನು ಲಾ ಕ್ಲರ್ಕ್ ಆಗಿ ನೇಮಿಸಿಕೊಳ್ಳುವ ಬಗ್ಗೆ.” ಇಡೀ ಸರ್ಕಲ್ ಸಹಿ ಹಾಕ್ತು. ನಿಮ್ಮ ದೊಡ್ಡಪ್ಪ ಗುಂಡಯ್ಯನೋರು ಸ್ಕೂಟರ್ ಹತ್ತಿ ಊರೂರು ತಿರುಗಿ ಇನ್ನಷ್ಟು ಹಾಕಿಸ್ಕೊಂಡು ಬಂದ್ರು. ಮೂವತ್ತರ ಮೇಲೆ ಆಯ್ತು. ರಿಜಿಸ್ಟರ್ ಪೋಸ್ಟಿನಲ್ಲಿ ಹೈಕೋರ್ಟಿಗೇ ಹೋಯ್ತು. ರಸೀದಿ ದೇವರ ಫೋಟೋ ಹಿಂದೆ ಇಟ್ಟಿದೀನಿ.

ಇನ್ನು ಅವರು ನಿನ್ನನ್ನ ಹೆಂಗೆ ಬುಡ್ತಾರೆ ನೋಡ್ತೀನಿ!

ಹಿಗ್ಗಿನಿಂದ,
ರೇವಮ್ಮ

---

ತುಮಕೂರು
ಫೆಬ್ರವರಿ 15, 2025

ದೊಡ್ಡಮ್ಮ,

ಏನು ಮಾಡಿಬಿಟ್ಟೆ ನೀನು!

ಪ್ರಕಟಣೆಯ ಕೊನೇ ಸಾಲು ಓದು, ನಕಲು ಮಾಡಿ ಕೆಳಗೆ ಬರೀತಿದೀನಿ: “ಅಭ್ಯರ್ಥಿಯ ಪರವಾಗಿ ಯಾವುದೇ ರೂಪದಲ್ಲಿ ಶಿಫಾರಸು ತಂದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು.” ಯಾವುದೇ ರೂಪದಲ್ಲಿ! ಒಬ್ಬರು ಹೇಳಿದರೇ ಅರ್ಜಿ ಹೋಗುತ್ತೆ. ನೀನು ಮೂವತ್ತು ಜನರ ಕೈಲಿ ಹೇಳಿಸಿದೀಯ, ಅದೂ ರಿಜಿಸ್ಟರ್ ಪೋಸ್ಟಿನಲ್ಲಿ.

ಮಾರ್ಕ್ಸಿಗೆ ಸೋತಿದ್ರೆ ತಡ್ಕೋತಿದ್ದೆ. ಪ್ರೀತಿಗೆ ಸೋಲೋದು ಹೇಗೆ ಅಂತ ನನಗೆ ಗೊತ್ತಿಲ್ಲ.

ತಿದ್ದಿದ ಟಿಪ್ಪಣಿ ಕಳಿಸಲ್ಲ.

ಮಾನಸಾ

---

ಕುಣಿಗಲ್
ಮಾರ್ಚ್ 3, 2025

ಮಾನಸಾ,

ಎರಡು ಕಾಗದ ಬರೆದೆ, ಉತ್ತರ ಇಲ್ಲ. ಇದು ಮೂರನೇದು. ನಾನು ಸೀಲು ಹೊಡೆದೋರಿಗೇ ಹೆದರಿಲ್ಲ, ನಿನ್ನ ಮೌನಕ್ಕೆ ಹೆದರ್ತೀನಾ? ಹೆದರ್ತೀನಿ ಕಣೇ.

ತಪ್ಪಾಯ್ತು. ಪೋಸ್ಟಾಫೀಸಿಗೆ ಹೋಗಿ ವಾಪಸ್ ತರಿಸ್ಕೊಡಿ ಅಂತ ಗಲಾಟೆ ಮಾಡ್ದೆ. ಅದಾಗಲೇ ಮುಟ್ಟಿದೆ ಅಂದ್ರು. ಆಮೇಲೆ ಇನ್ನೊಂದು ಮನವಿ ಬರೆದೆ, “ಹಿಂದಿನ ಮನವಿಯನ್ನು ಓದಬಾರದಾಗಿ ವಿನಂತಿ” ಅಂತ. ಸಹಿಗೆ ಅಂತ ಕೊಟ್ರೆ ಗುಂಡಯ್ಯನೋರು ಹರಿದು ಒಲೆಗೆ ಹಾಕಿದ್ರು. “ಇಷ್ಟು ವರ್ಷ ಓದಿ ಓದಿ ಅಂತ ಕಿರುಚ್ದೆ, ಈಗ ಓದ್ಬೇಡಿ ಅಂತ ಚಳವಳಿ ಮಾಡ್ತೀಯಾ?” ಅಂದ್ರು. ಅವತ್ತು ಅವರು ಬೈದದ್ದು ನ್ಯಾಯವಾಗಿತ್ತು.

ಆದ್ರೆ ಒಂದು ಮಾತು ಹೇಳದೆ ಇರೋಕಾಗಲ್ಲ. ಲೋಕದಲ್ಲಿ ದೊಡ್ಡೋರ ಮನೆ ಹುಡುಗನಿಗೆ ಕೆಲಸ ಬೇಕಾದ್ರೆ ಮದುವೆ ಊಟದ ಪಂಕ್ತೀಲಿ ಪಕ್ಕದ ಎಲೆಯವರಿಗೆ ಒಂದು ಮಾತು ಹೇಳ್ತಾರೆ. ಅದಕ್ಕೆ ಕಾಗದ ಇಲ್ಲ, ಸಹಿ ಇಲ್ಲ. ಬಾಯಲ್ಲಿ ಹೇಳಿದ್ರೆ ಪರಿಚಯ, ಬರೆದು ಕೊಟ್ರೆ ಶಿಫಾರಸು! ನಮ್ಮ ಜನಕ್ಕೆ ಆ ಪಂಕ್ತೀಲಿ ಎಲೆ ಹಾಕ್ದೋರಿಲ್ಲ. ನಮಗೆ ಗೊತ್ತಿರೋದು ಒಂದೇ, ಬರೆದು ಸಹಿ ಹಾಕೋದು. ಕದ್ದು ಮುಚ್ಚಿ ಕೇಳೋದು ಬರದೇ ಇದ್ದದ್ದಕ್ಕೆ ಸಿಕ್ಕಿಬಿದ್ವಿ.

ನಿಯಮ ತಪ್ಪು ಅಂತ ಹೇಳ್ತಿಲ್ಲ. ನಿಯಮ ಸರಿ. ನಾನು ತಪ್ಪು. ಎರಡು ಸಾಲು ಬರಿ. ಬೈದಾದ್ರೂ ಬರಿ.

ನಿನ್ನ
ರೇವಿ ದೊಡ್ಡಮ್ಮ

---

ತುಮಕೂರು
ಮಾರ್ಚ್ 22, 2025

ದೊಡ್ಡಮ್ಮ,

ಕೋಪ ಪೂರ್ತಿ ಹೋಗಿಲ್ಲ, ಆದ್ರೂ ಬರೀತಿದೀನಿ. ಸಂದರ್ಶನಕ್ಕೆ ಕರೆ ಬಂದಿದೆ. ಏಪ್ರಿಲ್ ಮೊದಲ ವಾರ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ನಿನ್ನ ಮನವಿಯ ಸುದ್ದಿ ಬಂದ ಮರುದಿನವೇ ನಾನು ಹೈಕೋರ್ಟಿಗೆ ಬರೆದೆ. “ನನ್ನ ದೊಡ್ಡಮ್ಮ ನನಗೆ ತಿಳಿಸದೆ ಒಂದು ಮನವಿ ಕಳಿಸಿದ್ದಾರೆ. ಅದು ನಿಯಮಕ್ಕೆ ವಿರುದ್ಧ. ದಯವಿಟ್ಟು ಪರಿಗಣಿಸಬೇಡಿ” ಅಂತ. “ಸುಮ್ನಿದ್ರೆ ಯಾರ ಕಣ್ಣಿಗೂ ಬೀಳದೇ ಇರಬಹುದು” ಅಂದಿದ್ದ ಶಮಂತ್. ನನಗೆ ಸುಮ್ಮನಿರೋಕೆ ಆಗಲಿಲ್ಲ. ನಿನ್ನ ಮೇಲೆ ನಾನೇ ದೂರು ಕೊಟ್ಟೆ ದೊಡ್ಡಮ್ಮ. ಅದು ಹೇಳೋಕಾಗದೆ ನಿನ್ನ ಕಾಗದಗಳಿಗೆ ಉತ್ತರ ಬರೀಲಿಲ್ಲ.

ತಿದ್ದಿದ ಟಿಪ್ಪಣಿ ಇಟ್ಟಿದೀನಿ. ಎಳನೀರಿನಿಂದಲೇ ಶುರು ಮಾಡಿದೀನಿ.

ಮಾನಸಾ

---

(ಕಾರ್ಡು)

ಕುಣಿಗಲ್
ಮಾರ್ಚ್ 26, 2025

ದೂರು ಕೊಟ್ಟದ್ದು ಸರಿ. ಅದರ ಒಂದು ಪ್ರತಿ ಕಳ್ಸು, “ದಯವಿಟ್ಟು” ಜಾಸ್ತಿ ಆಗಿದ್ಯಾ ನೋಡ್ಬೇಕು. ಪುಟ್ಟತಾಯಮ್ಮ ಕೊನೇವರೆಗೂ ಎಚ್ಚರ ಇದ್ಳು. ಪಾಸು. ಹೋಗಿ ಬಾ. ನಾನು ಏನೂ ಮಾಡಲ್ಲ, ಆಣೆಗೂ ಮಾಡಲ್ಲ.

ರೇವಮ್ಮ

---

ತುಮಕೂರು
ಏಪ್ರಿಲ್ 6, 2025

ದೊಡ್ಡಮ್ಮ,

ಕೂತ್ಕೊಂಡು ಓದು. ಗುಂಡಯ್ಯ ದೊಡ್ಡಪ್ಪನಿಗೂ ಗಟ್ಟಿಯಾಗಿ ಓದಿ ಹೇಳು.

ಸಂದರ್ಶನದ ದಿನ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಾನೂ ಶಮಂತನೂ ಬೆಂಗಳೂರಿಗೆ ಹೊರಟೆವು. ಹಿರೇಹಳ್ಳಿ ದಾಟೋ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತ್ತು. ಫಸ್ಟ್ ಬರೋರಿಗೂ ಭಯ ಆಗುತ್ತೆ ಅಂತ ಅವತ್ತು ಗೊತ್ತಾಯ್ತು. ನನಗಾದ್ರೆ ಹೆದರಿ ಹೆದರಿ ಅಭ್ಯಾಸ, ಅವನಿಗೆ ನಾನೇ ನಿಂಬೆಹಣ್ಣು ಮೂಸೋಕೆ ಕೊಟ್ಟೆ.

ಒಳಗೆ ಮೂವರು ನ್ಯಾಯಮೂರ್ತಿಗಳು. ನಡುವೆ ಕೂತವರು ಹೆಂಗಸು. “ಮೈ ಲಾರ್ಡ್” ಅನ್ನಲೋ “ಮೇಡಂ” ಅನ್ನಲೋ ತಿಳೀದೆ ಎರಡನ್ನೂ ಒಟ್ಟಿಗೆ ಅಂದೆ.

ಎಡಕ್ಕಿದ್ದವರು ಅಂಕಪಟ್ಟಿ ನೋಡಿ, “ಸಾಧಾರಣ” ಅಂದ್ರು.

“ಹೌದು” ಅಂದೆ.

“ತೆರಿಗೆ ಕಾನೂನಿನಲ್ಲಿ ಒಮ್ಮೆ ಫೇಲಾಗಿದ್ದೀರಿ.”

“ಹೌದು. ಹಾಗಾಗಿ ಆ ಪುಸ್ತಕವನ್ನು ಎರಡು ಸಲ ಪೂರ್ತಿ ಓದಿದೀನಿ. ನಮ್ಮ ಕ್ಲಾಸಿನಲ್ಲಿ ಇನ್ಯಾರೂ ಓದಿಲ್ಲ.”

ಅವರ ಮೀಸೆ ಅಲ್ಲಾಡಿತು. ನಗುವೋ ಸಿಟ್ಟೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ನಡುವಿನವರು ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ನಿನ್ನ ದಪ್ಪ ಅಕ್ಷರ! ಪಕ್ಕದಲ್ಲಿ ನನ್ನ ದೂರಿನ ಕಾಗದ.

ಬಲಕ್ಕಿದ್ದವರು ನಿನ್ನ ಕೊನೇ ಸಾಲನ್ನು ಓದಿದ್ರು: “ತಪ್ಪಿದಲ್ಲಿ ಅನಿರ್ದಿಷ್ಟಾವಧಿ ಧರಣಿ ಹಮ್ಮಿಕೊಳ್ಳಲಾಗುವುದು.” ಹೈಕೋರ್ಟಿಗೇ ಧರಣಿ ಬೆದರಿಕೆ ಹಾಕಿದೀಯಲ್ಲ ದೊಡ್ಡಮ್ಮ!

“ಅದು ಅಭ್ಯಾಸದ ಸಾಲು. ಬೇಳೆಗೆ ಬರೆದ ಮನವಿಯಲ್ಲೂ ಇರುತ್ತೆ” ಅಂದೆ. ಇಬ್ಬರು ನಕ್ಕರು.

ನಡುವಿನವರು ನಗಲಿಲ್ಲ. “ಇದನ್ನೇ ಒಂದು ಫೈಲು ಅಂದುಕೊಳ್ಳಿ. ಓದಿ, ಟಿಪ್ಪಣಿ ಹೇಳಿ.”

ಓದಿದೆ. ನನ್ನ ನಿಧಾನದಲ್ಲೇ ಓದಿದೆ. ನೀನು ನನ್ನ ಬಗ್ಗೆ ಬರೆದದ್ದು ಅರ್ಧ ಪುಟ. ಮಿಕ್ಕಿದ್ದೆಲ್ಲ, ಇದುವರೆಗೆ ಕೊಟ್ಟ ಮನವಿಗಳಿಗೆ ಯಾರೂ ಉತ್ತರ ಕೊಡಲಿಲ್ಲ ಅನ್ನೋದು. ಕೊನೇ ಹಾಳೆ ತಿರುಗಿಸಿದೆ. ಪುಟ್ಟತಾಯಮ್ಮನ ಹೆಬ್ಬೆಟ್ಟು. ದೊಡ್ಡಪ್ಪನ ಸಹಿ. ಎಲ್ಲರಿಗಿಂತ ಕೆಳಗೆ, ಜಾಗ ಸಾಲದೆ ಅಂಚಿಗೆ ಒತ್ತಿ ಬರೆದದ್ದು: ಸಿದ್ದಗಂಗಮ್ಮ, ಕಡಬ. ಹಾಲಿನ ಡೇರಿಯಲ್ಲಿ ಹಾಕೋ ಅದೇ ವಾಲಿದ ಸಹಿ. ಬಿ.ಎಡ್ ಮಾಡು ಅಂದ ನಮ್ಮಮ್ಮ!

ನೀನು ನನಗೆ ಹೇಳಲೇ ಇಲ್ಲ.

ಒಂದು ಗಳಿಗೆ ಅಕ್ಷರ ಕಾಣಲಿಲ್ಲ. ಆಮೇಲೆ ಎದ್ದು ನಿಂತೆ. “ಈ ಟಿಪ್ಪಣಿಯನ್ನು ನಾನು ಬರೆಯಬಾರದು. ಅರ್ಜಿದಾರರಲ್ಲಿ ಮೊದಲನೆಯವರು ನನ್ನ ದೊಡ್ಡಮ್ಮ, ಕೊನೆಯವರು ನನ್ನ ತಾಯಿ.”

“ಸರಿ. ಅದನ್ನೇ ಮೊದಲ ಸಾಲು ಮಾಡಿಕೊಂಡು ಮುಂದುವರಿಸಿ” ಅಂದ್ರು.

ಯಾರು, ಏನಾಯ್ತು, ಏನು ಬೇಕು, ಏನು ಆಧಾರ. ಹೇಳಿದೆ: “ಅರ್ಜಿದಾರರು ಕುಣಿಗಲ್ ಕಡೆಯ ಅಂಗನವಾಡಿ ಹೆಂಗಸರು, ಅವರ ಮನೆಯವರು. ಅವರು ಬರೆದದ್ದಕ್ಕೆ ಇದುವರೆಗೆ ಸೀಲು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಕೋರಿಕೆ ಎರಡು. ಈ ಹುಡುಗಿಗೆ ಕೆಲಸ ಕೊಡಿ ಅನ್ನೋದು ಮೊದಲನೆಯದು. ಅದಕ್ಕೆ ಕಾನೂನಿನ ಆಧಾರವಿಲ್ಲ, ನಿಯಮಕ್ಕೆ ವಿರುದ್ಧ, ವಜಾ ಆಗಬೇಕು. ನಾವು ಬರೆದದ್ದನ್ನು ಯಾರಾದರೂ ಕೊನೇವರೆಗೆ ಓದಲಿ ಅನ್ನೋದು ಎರಡನೆಯದು. ಅದನ್ನು ತಾವು ಈಗಾಗಲೇ ಓದಿದ್ದೀರಿ, ನಾನೂ ಓದಿದೆ. ಈಡೇರಿದ ಕೋರಿಕೆಯ ಮೇಲೆ ಆದೇಶ ಬೇಕಾಗಿಲ್ಲ.”

“ಅಭ್ಯರ್ಥಿಯ ಗತಿ?”

“ಅವಳು ಕೇಳಿ ಬರೆಸಿದ್ದಕ್ಕೆ ಸಾಕ್ಷ್ಯ ಇಲ್ಲ. ಇದ್ದರೆ ಅವಳನ್ನೂ ಬಿಡಬಾರದು.”

“ನೀವು ಹೋಗಬಹುದು” ಅಂದ್ರು. ಅಷ್ಟೇ. ಮುಖದಲ್ಲಿ ಏನೂ ಕಾಣಲಿಲ್ಲ.

ಹೊರಗೆ ಬಂದು ಕಂಬದ ಮರೇಲಿ ಅತ್ತೆ. ಶಮಂತ್ ಗಾಬರಿಯಾಗಿ ಏನಾಯ್ತೇ ಅಂದ. “ನಮ್ಮ ದೊಡ್ಡಮ್ಮನ ಮನವೀನ ನಾನೇ ವಜಾ ಮಾಡಿಸ್ಬಿಟ್ಟೆ ಕಣೋ” ಅಂದೆ. ಅವನು ನಿಂಬೆಹಣ್ಣನ್ನು ವಾಪಸ್ ನನ್ನ ಕೈಗಿಟ್ಟ.

ಮಾನಸಾ

---

ತುಮಕೂರು
ಮೇ 19, 2025

ದೊಡ್ಡಮ್ಮ,

ಪಟ್ಟಿ ಬಂತು. ಶಮಂತನ ಹೆಸರು ಮೇಲುಗಡೆ ಇದೆ. ನನ್ನದು ಕೆಳಗೆ, ಆದ್ರೆ ಇದೆ. ಪರೀಕ್ಷೆ ಮುಗಿಸಿ ಪಾಸಾದ ಕೂಡಲೇ ಸೇರಬೇಕು.

ಇವತ್ತು ಕಡಬಕ್ಕೆ ಹೋಗಿದ್ದೆ. ಅಮ್ಮನಿಗೆ ಸಹಿ ವಿಷಯ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಬ್ಬಟ್ಟು ತಟ್ಟುತ್ತಾ, “ಓದೋ ಕೆಲಸ ತಾನೆ? ಕಣ್ಣು ಹಾಳು ಮಾಡ್ಕೋಬೇಡ” ಅಂದ್ಳು.

ಮಾನಸಾ

---

ಕುಣಿಗಲ್
ಮೇ 24, 2025

ಲೇ ಮಾನಸಾ,

ನಿನ್ನ ಏಪ್ರಿಲ್ ಕಾಗದಕ್ಕೆ ಇಷ್ಟು ದಿನ ಉತ್ತರ ಬರೀಲಿಲ್ಲ. ಬರೆದ್ರೆ ಎಲ್ಲಿ ಇನ್ನೊಂದು ಶಿಫಾರಸು ಆಗಿಬಿಡ್ತದೋ ಅಂತ ಕೈ ಕಟ್ಕೊಂಡು ಕೂತಿದ್ದೆ. ಈಗ ಪಟ್ಟಿ ಬಂದದೆ, ಬರೀಬಹುದು.

ನಿನ್ನೆ ಸರ್ಕಲ್ ಮೀಟಿಂಗ್‌ನಲ್ಲಿ ಮೊದಲು ನೀನು ಗೆದ್ದ ಸುದ್ದಿ ಹೇಳ್ದೆ. ಎಲ್ರೂ ಕೂಗಾಡಿದ್ರು. ಆಮೇಲೆ, “ನಮ್ಮ ಮನವಿ ವಜಾ ಆಯ್ತು. ವಜಾ ಮಾಡಿ ಅಂದೋಳೂ ಅವಳೇ” ಅಂದೆ. ನೀನು ಹೇಳಿದ ಟಿಪ್ಪಣಿ ಗಟ್ಟಿಯಾಗಿ ಓದ್ದೆ. ಮೊದಲನೇ ಕೋರಿಕೆ ಯಾಕೆ ಆಗಲ್ಲ, ಎರಡನೇದು ಹೆಂಗೆ ಆಗ್ಲೇ ಆಗಿಹೋಗಿದೆ, ಎಲ್ಲಾನೂ. ಓದಿ ಮುಗಿಸೋ ಹೊತ್ತಿಗೆ ಪುಟ್ಟತಾಯಮ್ಮ ಎದ್ದು ನಿಂತಿದ್ಳು. “ಆಗಲ್ಲ ಅಂತ ಕಾರಣ ಹೇಳವ್ರಲ್ಲ ರೇವಕ್ಕ, ಅಂದ್ರೆ ಓದವ್ರೆ ಕಣಕ್ಕ!” ಅಂತ ಚಪ್ಪಾಳೆ ತಟ್ಟಿದ್ಳು. ಆಮೇಲೆ ಎಲ್ರೂ ತಟ್ಟಿದ್ರು. ವಜಾ ಆದದ್ದಕ್ಕೆ ಚಪ್ಪಾಳೆ ಬಿದ್ದ ಮೀಟಿಂಗು ಈ ರಾಜ್ಯದಲ್ಲಿ ಇನ್ನೊಂದು ಇರಲಾರದು.

ಗೆದ್ದ ಮನವಿಗಳನ್ನ ನೋಡಿದೋಳಲ್ಲ ನಾನು. ಸೋತದ್ದನ್ನೂ ನೋಡಿರಲಿಲ್ಲ. ಇದೇ ಮೊದಲು ಸೋತದ್ದು. ಎದೆ ತುಂಬಿ ಬಂತು.

ಹೋಗು. ಕಪ್ಪು ಕೋಟು ಹೊಲಿಸ್ಕೋ, ಬಗಲಲ್ಲಿ ಸ್ವಲ್ಪ ಸಡಿಲ ಇರ್ಲಿ, ಫೈಲು ಹೊರೋಳು ನೀನು. ನಮ್ಮೋರ ಕಾಗದ ಬಂದ್ರೆ ನಮ್ಮೋರು ಅಂತ ಗೆಲ್ಲಿಸೋಕೆ ಹೋಗ್ಬೇಡ, ಆಧಾರ ಇಲ್ದಿದ್ರೆ ಇಲ್ಲ ಅಂತ್ಲೇ ಬರಿ. ಒಂದು ಮಾತ್ರ ಮರೀಬೇಡ. ಎಂಥಾ ಬೇಜಾರಿನ ಫೈಲಾದ್ರೂ ಕೊನೇ ಹಾಳೆವರೆಗೆ ತಿರುಗಿಸು. ಜನ ಹೆಬ್ಬೆಟ್ಟು ಒತ್ತಿರೋದು ಅಲ್ಲೇ.

ಸೋತು ಬೀಗುತ್ತಿರುವ
ರೇವಮ್ಮ